ಗಾಲಿಯ ಮೇಲೊಂದು ಸಂಸಾರ

ಜುಲೈ ತಿಂಗಳ ಒಂದು ಸಂಜೆ. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗೆ, ಸರೋವರಕ್ಕೆ ಅನತಿದೂರದಲ್ಲಿರುವ ಫಿಷಿಂಗ್ ಬ್ರಿಜ್ ಎಂಬ ತಂಗುದಾಣಕ್ಕೆ, ಪೈನ್ ಮರಗಳ ನಡುವಣ ಹಾದಿ ಹಿಡಿದು, ಬಸ್ಸಿನಷ್ಟು ಉದ್ದದ ಬಿಳಿಯ ವಾಹನವೊಂದು ಮೆಲ್ಲಮೆಲ್ಲನೆ ಬರುತ್ತದೆ. ಚಾಲಕನ ಪೀಠದಲ್ಲಿ ತಂದೆ. ತಾಯಿ ಕೆಳಗಿಳಿದು ವಾಹನದ ಹಿಂಬದಿಯಲ್ಲಿ ನಿಂತು, ಕೈಬೀಸಿ ಕೈಬೀಸಿ ಅದನ್ನು ಗೊತ್ತಾದ ಸ್ಥಳಕ್ಕೆ ಹಿಮ್ಮೆಟ್ಟಿಸುತ್ತಾಳೆ. ಕಿಟಕಿಯಲ್ಲಿ ಎರಡು ಮಕ್ಕಳ ಮುಖಗಳು. ವಾಹನ ನಿಂತೊಡನೆ ತಂದೆ ಇಳಿದು ನೆಲ ಸಮವಾಗಿದೆಯೇ ಎಂದು ನೋಡುತ್ತಾನೆ. ತಗ್ಗಿದ್ದ ಕಡೆ ಗಾಲಿಯಡಿಗೆ ಹಲಗೆಯ ತುಂಡುಗಳನ್ನು ಕೊಡುತ್ತಾನೆ. ದೊಡ್ಡ ಮಗ ನೀರಿನ ಕೊಳವೆಯನ್ನು ನಲ್ಲಿಗೆ ಸಿಕ್ಕಿಸುತ್ತಾನೆ. ದಪ್ಪನೆಯ ವಿದ್ಯುತ್ ತಂತಿಯೊಂದು ಕಂಬಕ್ಕೆ ಸೇರುತ್ತದೆ; ಇನ್ನೊಂದು ಕೊಳವೆ ನೆಲದಲ್ಲಿನ ಮೋರಿಯ ಬಾಯಿಗೆ. ಅರ್ಧ ಗಂಟೆ ಕಳೆಯುವುದರೊಳಗೆ ಅಡುಗೆಮನೆಯ ದೀಪ ಹತ್ತಿ, ಒಲೆಯ ಮೇಲೆ ಪಾತ್ರೆ ಏರಿರುತ್ತದೆ. ಬೆಳಿಗ್ಗೆ ಇನ್ನೂರು ಮೈಲಿಯಾಚೆ ಇದ್ದ ಮನೆ, ಸಂಜೆಗೆ ಇಲ್ಲಿ ಬಂದು ನೆಲೆನಿಂತಿದೆ!

ಈ ತಂಗುದಾಣದಲ್ಲಿ ಬಟ್ಟೆಯ ಡೇರೆ ಹೂಡುವಂತಿಲ್ಲ. ಸುತ್ತಣ ಕಾಡಿನಲ್ಲಿ ಗ್ರಿಜ್ಲಿ ಕರಡಿಗಳುಂಟು. ಆದುದರಿಂದ ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಇಲ್ಲಿ ಪ್ರವೇಶ.

ಇದೇ ಉದ್ಯಾನದಲ್ಲಿ, ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರ ಬುಗ್ಗೆಯ ಎದುರಿಗೆ, 1904ರಲ್ಲಿ ತೆರೆದ ಮರದ ದಿಮ್ಮಿಗಳ ಮಹಾ ಹೋಟೆಲೊಂದಿದೆ. ಅದರ ನಡುಮನೆಯ ಕಲ್ಲಿನ ಅಗ್ಗಿಷ್ಟಿಕೆಯನ್ನು ನೋಡಲೆಂದೇ ಜನ ಬರುತ್ತಾರೆ. ಅಲ್ಲಿ ಹಾಸಿಗೆ ಹಾಸುವವರು ಬೇರೆ, ತಟ್ಟೆ ತೊಳೆಯುವವರು ಬೇರೆ. ಅಂಥ ಸೌಖ್ಯವಿರುವಾಗ, ರಜೆಗೆಂದು ಹೊರಟ ಗೃಹಸ್ಥನೊಬ್ಬ ತನ್ನ ಅಡುಗೆಮನೆ, ಬಚ್ಚಲು, ಪಾಯಿಖಾನೆಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಸವನಹುಳುವಿನಂತೆ ಏಕೆ ಹೊರಡಬೇಕು? ಹಣ ಉಳಿಯುತ್ತದೆಂದೆ? ಮೇಲುನೋಟಕ್ಕೆ ಹಾಗೆ ತೋರುತ್ತದೆ. ಲೆಕ್ಕ ಹಾಕಿದರೆ ಅದು ಅಷ್ಟು ಸರಳವಲ್ಲ.

ಇಂಥ ವಾಹನಗಳಿಗೆ ಅಲ್ಲಿಯ ಜನ ಇಟ್ಟಿರುವ ಹೆಸರು ‘ರಿಕ್ರಿಯೇಷನಲ್ ವೆಹಿಕಲ್’, ಎಂದರೆ ವಿಹಾರವಾಹನ. ಬಾಯಿಮಾತಿನಲ್ಲಿ ಅದು ಬರಿಯ ‘ಆರ್.ವಿ.’ ತಾನೇ ಓಡುವ ಮೋಟಾರು ಮನೆ ಒಂದು ಬಗೆ. ಕಾರಿನ ಹಿಂದೆ ಕಟ್ಟಿಕೊಂಡು ಎಳೆಯುವ ಟ್ರೈಲರ್ ಮತ್ತೊಂದು. ಕನ್ನಡದಲ್ಲಿ ಎರಡನ್ನೂ ಗಾಲಿಮನೆ ಎಂದರೆ ಸಾಕು.

ಅಡುಗೆಮನೆ ಬಿಟ್ಟು ಬರಲೊಲ್ಲದ ಗೃಹಿಣಿ

ಗಾಲಿಮನೆ ಹುಟ್ಟಿದ್ದು ಬಡವರ ಮಿತವ್ಯಯಕ್ಕಾಗಿ ಅಲ್ಲ, ಸಿರಿವಂತರ ಷೋಕಿಗಾಗಿ. 1910ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಪ್ರದರ್ಶನದಲ್ಲಿ ಪಿಯರ್ಸ್-ಆರೋ ಕಂಪೆನಿಯವರು ತಂದಿಟ್ಟ ‘ಟೂರಿಂಗ್ ಲ್ಯಾಂಡೊ’ ಎಂಬ ಕಾರಿನಲ್ಲಿ ಹಿಂದಿನ ಆಸನ ಮಡಿಸಿದರೆ ಹಾಸಿಗೆಯಾಗುತ್ತಿತ್ತು. ಕೈತೊಳೆಯುವ ಬೋಗುಣಿ, ರಾತ್ರಿಯ ಅನುಕೂಲಕ್ಕೆ ಒಂದು ಪಾತ್ರೆ, ಮುಂದೆ ಕುಳಿತ ಚಾಲಕನೊಡನೆ ಮಾತನಾಡಲು ಟೆಲಿಫೋನು, ಎಲ್ಲವೂ ಇದ್ದವು. ಐದು ವರ್ಷಗಳ ಅನಂತರ ರೋಲೆಂಡ್ ಕಾಂಕ್ಲಿನ್ ಎಂಬ ಬಸ್ಸು ಕಂಪೆನಿಯ ಮಾಲಿಕನು 25 ಅಡಿ ಉದ್ದದ, 8 ಟನ್ ತೂಕದ ವಾಹನವೊಂದನ್ನು ಕಟ್ಟಿಸಿ, ಹೆಂಡತಿ ಮಕ್ಕಳೊಡನೆ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟನು. ಅದರಲ್ಲಿ ಅಡುಗೆಮನೆ, ವಿದ್ಯುದ್ದೀಪ, ಗ್ರಾಮಫೋನು, ಪುಸ್ತಕದ ಬೀರು ಇದ್ದುವಲ್ಲದೆ ಮಾಳಿಗೆಯ ಮೇಲೊಂದು ಕೈತೋಟವೂ ಇದ್ದಿತು! ಇತ್ತ ಹೆನ್ರಿ ಫೋರ್ಡ್, ಥಾಮಸ್ ಎಡಿಸನ್, ಟೈರಿನ ಫೈರ್‌ಸ್ಟೋನ್ ಮುಂತಾದವರು ‘ಅಲೆಮಾರಿಗಳು’ ಎಂದು ತಮ್ಮನ್ನೇ ಕರೆದುಕೊಂಡು ಬೇಸಗೆಗೊಮ್ಮೆ ಕಾಡಿಗೆ ಹೋಗುತ್ತಿದ್ದರು. ಅವರ ಹಿಂದೆ ಅಡುಗೆಯ ಲಾರಿ, ಅಡುಗೆಯವರು, ದೀಪಕ್ಕೆ ಬ್ಯಾಟರಿಗಳು. 1921ರಲ್ಲಿ ಅಧ್ಯಕ್ಷ ಹಾರ್ಡಿಂಗರೂ ಆ ಗುಂಪನ್ನು ಸೇರಿದ್ದುಂಟು. ಇಂಥ ಅಲೆಮಾರಿತನ ಯಾರಿಗೆ ಬೇಡ?

ಸಾಮಾನ್ಯ ಸಂಸಾರಸ್ಥನ ಗಾಲಿಮನೆಯ ಕಥೆ ಬೇರೆಡೆಯಿಂದ ಆರಂಭವಾಗುತ್ತದೆ. 1920ರ ದಶಕದಲ್ಲಿ ವಾಲಿ ಬಯಮ್ ಎಂಬಾತನಿಗೆ ಬಯಲಿನಲ್ಲಿ ಬಿಡಾರ ಹೂಡುವ ಹುಚ್ಚು. ಆತನ ಪತ್ನಿಗೋ ನೆಲದ ಮೇಲೆ ಮಲಗುವುದೆಂದರಾಗದು. ಅಡುಗೆಮನೆಯಿಲ್ಲದೆ ಬರಲೊಲ್ಲೆ ಎಂದುಬಿಟ್ಟಳು. ಬಯಮ್ ಹಳೆಯ ಫೋರ್ಡ್ ಕಾರಿನ ಅಡಿಗಟ್ಟಿನ ಮೇಲೆ ಡೇರೆಯೊಂದನ್ನು ಕೂರಿಸಿದ. ಅದು ಒಪ್ಪಿಗೆಯಾಗದಿರಲು ಗಟ್ಟಿ ಗೋಡೆ ಕಟ್ಟಿದ, ಒಲೆ ಇಟ್ಟ, ಹಿಮದ ಪೆಟ್ಟಿಗೆ ಇಟ್ಟ. ದಾರಿಯಲ್ಲಿ ಕಂಡವರೆಲ್ಲ ತಮಗೂ ಒಂದು ಬೇಕೆಂದರು. 1936ರಲ್ಲಿ ಆತನ ಏರ್‌ಸ್ಟ್ರೀಮ್ ಕಂಪೆನಿ ಹೊರತಂದ ‘ಕ್ಲಿಪ್ಪರ್’, ವಿಮಾನದಂತೆ ಅಲ್ಯುಮಿನಿಯಂ ತಗಡುಗಳನ್ನು ರಿವೆಟ್ಟಿನಿಂದ ಜೋಡಿಸಿದ ಟ್ರೈಲರು. ನಾಲ್ವರು ಮಲಗಬಹುದು, ಬೆಲೆ 1,200 ಡಾಲರು. ಆ ಹೊಳೆಯುವ ಬೆಳ್ಳಿಯ ದುಂಡು ಬಂಡಿಗಳು ಇಂದಿಗೂ ತಯಾರಾಗುತ್ತಿವೆ. 1969ರ ಜುಲೈ 24ರಂದು ಚಂದ್ರನಿಂದ ಮರಳಿದ ಮೂವರು ಗಗನಯಾತ್ರಿಗಳನ್ನು ಸೋಂಕಿನ ಭಯದಿಂದ ಕೂಡಿಹಾಕಿದ್ದು ಮಾರ್ಪಡಿಸಿದ ಒಂದು ಏರ್‌ಸ್ಟ್ರೀಮಿನಲ್ಲಿಯೇ. ಅಧ್ಯಕ್ಷ ನಿಕ್ಸನ್ ಅದರ ಕಿಟಕಿಯ ಹೊರಗೆ ನಿಂತು ಅವರನ್ನು ಮಾತನಾಡಿಸಿದರು. ಗೃಹಿಣಿಯೊಬ್ಬಳ ಹಟ ಎಲ್ಲಿಯವರೆಗೆ ಹೋಗಿ ಮುಟ್ಟಿತು ನೋಡಿ.

ಬಯಲಿನಿಂದ ಹುಟ್ಟಿದ ಮೋಟೆಲು

ಹೋಟೆಲಿಗೂ ಬಿಡಾರಕ್ಕೂ ಇರುವ ಸ್ಪರ್ಧೆ ನೂರು ವರ್ಷ ಹಳೆಯದು. ಮೋಟಾರು ಬರುವ ಮುಂಚೆ ಅಮೆರಿಕದ ಹೋಟೆಲುಗಳೆಲ್ಲ ಊರ ನಡುವೆ, ರೈಲು ನಿಲ್ದಾಣದ ಸಮೀಪದಲ್ಲಿದ್ದವು. ದಿನವಿಡೀ ಮಣ್ಣಿನ ರಸ್ತೆಯಲ್ಲಿ ಕಾರು ಓಡಿಸಿ, ಮೈಯೆಲ್ಲ ಧೂಳಾಗಿ, ಅಳುವ ಕೂಸನ್ನು ಎತ್ತಿಕೊಂಡು ಆ ಹೋಟೆಲಿನ ರತ್ನಗಂಬಳಿಯ ಮೇಲೆ ಕಾಲಿಡಲು ಜನ ನಾಚುತ್ತಿದ್ದರು. ಊಟಕ್ಕೆ ಹೊತ್ತು ಗೊತ್ತು, ಉಡುಪಿಗೆ ನಿಯಮ, ಬಾಗಿಲು ತೆರೆದವನಿಗೆಲ್ಲ ಇನಾಮು. ಆದುದರಿಂದ ಅವರು ರಸ್ತೆಯ ಬದಿಯಲ್ಲೇ ಡೇರೆ ಹೂಡಿದರು. 1919ರಲ್ಲಿ ಫ್ಲಾರಿಡದ ಟ್ಯಾಂಪ ಎಂಬಲ್ಲಿ ಇಂಥವರು ಕೂಡಿ ಒಂದು ಸಂಘವನ್ನೇ ಕಟ್ಟಿದರು. ಕಾರಿನ ಮುಂದೆ ತಗಡಿನ ಡಬ್ಬಿಯೊಂದನ್ನು ಬೆಸೆದುಕೊಳ್ಳುವುದು ಅವರ ಗುರುತು. ಸಂಘದ ಹೆಸರೂ ‘ಟಿನ್ ಕ್ಯಾನ್ ಟೂರಿಸ್ಟ್ಸ್’.

ಬಂದವರು ಊರಿನಲ್ಲಿ ನಾಲ್ಕು ಕಾಸು ಖರ್ಚು ಮಾಡಿಯಾರೆಂಬ ಆಸೆಯಿಂದ ಪಟ್ಟಣಗಳು ಉಚಿತ ಬಿಡಾರದ ಬಯಲುಗಳನ್ನು ತೆರೆದವು. ಡೆನ್ವರಿನ ಓವರ್‌ಲ್ಯಾಂಡ್ ಪಾರ್ಕು ಅವುಗಳಲ್ಲಿ ಹೆಸರುವಾಸಿ. ಕ್ರಮೇಣ, ಖರ್ಚು ಮಾಡಲು ಕಾಸಿಲ್ಲದವರೂ ಬಂದು ತಂಗತೊಡಗಿದರು. ಅವರನ್ನು ದೂರವಿಡಲು ಊರುಗಳು ಬಾಡಿಗೆ ಹೇರಿದವು. ಬಾಡಿಗೆ ಕೊಡುವುದಾದರೆ ಒಂದು ಸೂರು ಬೇಡವೇ? ಸಾಲುಗುಡಿಸಲುಗಳೆದ್ದವು. 1925ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಲೂಯಿಸ್ ಒಬಿಸ್ಪೊ ಎಂಬಲ್ಲಿ ಅಂಥದೊಂದಕ್ಕೆ ‘ಮೋಟಾರ್’, ‘ಹೋಟೆಲ್’ ಎರಡನ್ನೂ ಬೆಸೆದು ‘ಮೋಟೆಲ್’ ಎಂದು ಹೆಸರಿಟ್ಟರು. ಹೀಗೆ, ಹೋಟೆಲನ್ನು ತಪ್ಪಿಸಿಕೊಂಡು ಬಯಲಿಗೆ ಓಡಿದವರ ಹಿಂದೆಯೇ ಹೋಟೆಲು ಬೇರೆ ವೇಷದಲ್ಲಿ ಬಂದು ನಿಂತಿತು.

ಮೋಟೆಲಿನಲ್ಲೂ ಬಹುಮಕ್ಕಳೊಂದಿಗನಿಗೆ ಸುಖವಿರಲಿಲ್ಲ. 1951ರಲ್ಲಿ ಮೆಂಫಿಸ್ ನಗರದ ಕೆಮನ್ಸ್ ವಿಲ್ಸನ್ ಎಂಬ ಮನೆಗಳ ಕಂಟ್ರಾಕ್ಟರು ಹೆಂಡತಿ ಮತ್ತು ಐದು ಮಕ್ಕಳೊಡನೆ ವಾಷಿಂಗ್ಟನ್ನಿಗೆ ಹೊರಟರು. ಕೊಠಡಿಯ ಬಾಡಿಗೆಯ ಮೇಲೆ ಒಂದೊಂದು ಮಗುವಿಗೂ ಎರಡೆರಡು ಡಾಲರು ಹೆಚ್ಚು ಕೊಡಬೇಕಾಯಿತು. ಮಲಗಿದ್ದು ಎಲ್ಲರೂ ಅದೇ ಕೊಠಡಿಯಲ್ಲಿ! ಕೋಪಗೊಂಡ ವಿಲ್ಸನ್ ಮರುವರ್ಷವೇ, ತಂದೆತಾಯಿಗಳೊಡನೆ ಬಂದ ಮಕ್ಕಳಿಗೆ ಬಾಡಿಗೆಯಿಲ್ಲವೆಂಬ ನಿಯಮದೊಡನೆ, ಮೆಂಫಿಸಿನಲ್ಲಿ ಮೊದಲ ‘ಹಾಲಿಡೇ ಇನ್’ ತೆರೆದರು. ಹತ್ತು ವರ್ಷಗಳ ಅನಂತರ, 1962ರಲ್ಲಿ, ಮಾಂಟಾನದ ಬಿಲ್ಲಿಂಗ್ಸ್ ಊರಿನಲ್ಲಿ ಡೇವ್ ಡ್ರಮ್ ಎಂಬಾತ ಸಿಯಾಟಲಿನ ವಿಶ್ವಪ್ರದರ್ಶನಕ್ಕೆ ಸಾಲುಗಟ್ಟಿ ಹೋಗುತ್ತಿದ್ದ ಸಂಸಾರಗಳನ್ನು ಕಂಡು, ನದಿಯ ದಂಡೆಯ ಜಮೀನಿನಲ್ಲಿ ಬಿಸಿನೀರಿನ ಬಚ್ಚಲು, ಒಂದು ಪುಟ್ಟ ಅಂಗಡಿ ಕಟ್ಟಿಸಿ, ರಾತ್ರಿಗೆ 1 ಡಾಲರು 75 ಸೆಂಟಿಗೆ ಬಿಡಾರದ ಸ್ಥಳ ಕೊಟ್ಟ. ಇಂದು ಆ ‘ಕೆ.ಓ.ಎ.’ ಫಲಕ ಅಮೆರಿಕದ ಅನೇಕ ಹೆದ್ದಾರಿಗಳಲ್ಲಿ ಕಾಣುತ್ತದೆ.

ಬಾಗಿಲು ತೆರೆಯದ ಕಡೆ

ಇವೆಲ್ಲ ಆಯ್ಕೆಯಿದ್ದವರ ಮಾತು. ಅದೇ ರಸ್ತೆಗಳಲ್ಲಿ, ಅದೇ ವರ್ಷಗಳಲ್ಲಿ, ಆಯ್ಕೆಯೇ ಇಲ್ಲದೆ ಹೊರಟ ಸಂಸಾರಗಳೂ ಇದ್ದವು. ಕರಿಯ ಜನಾಂಗದ ತಂದೆಯೊಬ್ಬ ಕೈಯಲ್ಲಿ ಹಣ ಹಿಡಿದು ಹೋಟೆಲಿನ ಮುಂದೆ ನಿಂತರೂ, ಕೊಠಡಿ ಖಾಲಿಯಿದ್ದರೂ, ‘ಇಲ್ಲ’ ಎಂಬ ಉತ್ತರ ಸಾಮಾನ್ಯವಾಗಿತ್ತು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ವಿಕ್ಟರ್ ಗ್ರೀನ್ ಎಂಬ ಅಂಚೆಯವರು, ಅಂಥವರಿಗೆ ಬಾಗಿಲು ತೆರೆಯುವ ಮನೆ, ಊಟದ ಅಂಗಡಿ, ಪೆಟ್ರೋಲು ಬಂಕುಗಳ ಪಟ್ಟಿಯನ್ನು ಪುಸ್ತಕ ಮಾಡಿ 1936ರಿಂದ ಪ್ರಕಟಿಸತೊಡಗಿದರು. ಅದೇ ‘ಗ್ರೀನ್ ಬುಕ್’. ಪುಸ್ತಕದಲ್ಲಿ ಹೆಸರಿಲ್ಲದ ಊರಿನಲ್ಲಿ ಕತ್ತಲಾದರೆ ಕಾರಿನೊಳಗೇ ನಿದ್ರೆ. ಮನೆಯಿಂದ ಕಟ್ಟಿತಂದ ಬುತ್ತಿಯೇ ಊಟ. ಮಕ್ಕಳ ಅವಸರಕ್ಕೆ ಒಂದು ಡಬ್ಬಿ. ಕಾಡಿನ ಬಿಡಾರಗಳಲ್ಲೂ ಗೆರೆ ಎಳೆದಿದ್ದರು. ವರ್ಜೀನಿಯದ ಶೆನಂಡೊವಾ ರಾಷ್ಟ್ರೀಯ ಉದ್ಯಾನದಲ್ಲಿ 1939ರಲ್ಲಿ ಲೂಯಿಸ್ ಮೌಂಟನ್ ಎಂಬ ತಂಗುದಾಣವನ್ನು ಕರಿಯರಿಗೆಂದೇ ಪ್ರತ್ಯೇಕವಾಗಿ ತೆರೆಯಲಾಯಿತು. ಮಹಾಯುದ್ಧ ಮುಗಿದ ಮೇಲೆಯೇ ಆ ಭೇದ ಅಳಿದದ್ದು. ಹೋಟೆಲುಗಳ ಬಾಗಿಲು ತೆರೆಯಲು 1964ರ ಪೌರಹಕ್ಕುಗಳ ಕಾಯಿದೆ ಬರಬೇಕಾಯಿತು. ಅಟ್ಲಾಂಟದ 216 ಕೊಠಡಿಗಳ ಮೋಟೆಲೊಂದು ಅದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸೋತಿತು. ಜಾತಿಗೊಂದು ಛತ್ರವಿದ್ದ ನಾಡಿನ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಯಾರ ಅಪ್ಪಣೆಯನ್ನೂ ಕೇಳದೆ ಸ್ವಂತ ಹಾಸಿಗೆಯಲ್ಲಿ ಮಲಗುವುದೆಂದರೆ ಕೆಲವರಿಗೆ ವಿನೋದ. ಕೆಲವರಿಗೆ ಅದು ಮಾನ ಉಳಿಸಿಕೊಳ್ಳುವ ಮಾತಾಗಿತ್ತು.

ಲೆಕ್ಕದ ಪುಸ್ತಕ

ಈಗ ಹಣದ ಮಾತು. ದೊಡ್ಡ ಮೋಟಾರು ಮನೆ ಒಂದು ಗ್ಯಾಲನ್ ಪೆಟ್ರೋಲಿಗೆ ಎಂಟು ಹತ್ತು ಮೈಲಿ ಓಡಿದರೆ ಹೆಚ್ಚು. ಸಾವಿರ ಮೈಲಿಗೆ 100ರಿಂದ 125 ಗ್ಯಾಲನ್ ಬೇಕು; ಸಾಧಾರಣ ಕಾರಿಗೆ 40 ಸಾಕು. ವಾಹನವನ್ನು ಬಾಡಿಗೆಗೆ ತಂದರೆ ದಿನಕ್ಕಿಷ್ಟು, ಮೈಲಿಗಿಷ್ಟು ಎಂದು ತೆರಬೇಕು. ಕೊಂಡುಕೊಂಡರೆ, ವರ್ಷದಲ್ಲಿ ಎರಡು ವಾರ ರಸ್ತೆಯ ಮೇಲೆ, ಐವತ್ತು ವಾರ ಮನೆಯಂಗಳದಲ್ಲಿ. ವಿಮೆಯ ಕಂತು ಮಾತ್ರ ವರ್ಷವಿಡೀ. ನೀರು, ವಿದ್ಯುತ್ತು, ಮೋರಿ ಮೂರೂ ಇರುವ ಸ್ಥಳಕ್ಕೆ ಬಾಡಿಗೆಯೂ ಇದೆ. ಗಂಡ ಹೆಂಡಿರಿಬ್ಬರೇ ನಾಲ್ಕು ದಿನ ತಿರುಗಿಬರುವುದಾದರೆ ಕಾರು ಮತ್ತು ಮೋಟೆಲೇ ಅಗ್ಗ. ಆರು ಜನರ ಸಂಸಾರ, ಎರಡು ಕೊಠಡಿ, ಮೂರು ಹೊತ್ತಿನ ಊಟ, ಮೂರು ವಾರದ ಪ್ರಯಾಣ, ಜೊತೆಗೊಂದು ನಾಯಿ ಎಂದಾಗ ತಕ್ಕಡಿ ಇತ್ತ ತೂಗುತ್ತದೆ. ಪಶ್ಚಿಮದ ರಾಜ್ಯಗಳಲ್ಲಿ ಸರ್ಕಾರದ ಬಯಲುಭೂಮಿಯಲ್ಲಿ ಸಾಮಾನ್ಯವಾಗಿ 14 ದಿನಗಳವರೆಗೆ ಪುಕ್ಕಟೆಯಾಗಿ ತಂಗಬಹುದು. ನೀರು, ದೀಪ ಮಾತ್ರ ನಮ್ಮವೇ ಆಗಬೇಕು. ಕಂಡಕಂಡಲ್ಲಿ ಹೋಗಬಹುದೆಂಬುದೂ ಪೂರ್ತಿ ನಿಜವಲ್ಲ. ಗ್ಲೇಸಿಯರ್ ಉದ್ಯಾನದ ಪ್ರಸಿದ್ಧ ಬೆಟ್ಟದ ರಸ್ತೆಯ ಎತ್ತರದ ಭಾಗಕ್ಕೆ 21 ಅಡಿಗಿಂತ ಉದ್ದದ ವಾಹನವನ್ನು ಬಿಡುವುದಿಲ್ಲ. ಮನೆಯನ್ನು ಕೆಳಗೆ ಬಿಟ್ಟು ಬರಿಗೈಯಲ್ಲಿ ಹತ್ತಬೇಕು.

ಹಣಕ್ಕಿಂತ ಜನರನ್ನು ಸೆಳೆಯುವುದು ಬೇರೆಯೇ. ದಿನಕ್ಕೊಂದು ಕೊಠಡಿ ಬದಲಿಸಿ ಪೆಟ್ಟಿಗೆ ಬಿಚ್ಚಿ ಕಟ್ಟುವ ಕೆಲಸವಿಲ್ಲ. ಹಾಸಿಗೆ ಅದೇ, ದಿಂಬು ಅದೇ. ರಾತ್ರಿ ಎಚ್ಚರಗೊಂಡ ಕೂಸಿಗೆ ಗೋಡೆ ಪರಿಚಿತ. ಬೆಳಗಿನ ಜಾವ ಐದಕ್ಕೆ ಹಾಲು ಬೇಕೆಂದರೆ ಯಾರನ್ನೂ ಎಬ್ಬಿಸಬೇಕಾಗಿಲ್ಲ. ಸಂಜೆಯಾದರೆ ಮಕ್ಕಳು ಟೆಲಿವಿಷನ್ನಿನ ಮುಂದಿರದೆ, ಪಕ್ಕದ ಬಿಡಾರದ ಅಪರಿಚಿತ ಮಕ್ಕಳೊಡನೆ ಸೈಕಲ್ಲು ತುಳಿಯುತ್ತಿರುತ್ತಾರೆ. ಹೋಟೆಲಿನ ಓಣಿಯಲ್ಲಿ ಎದುರು ಕೊಠಡಿಯವರ ಮುಖ ನೋಡಿದವರಾರು?

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಸಂಸಾರಗಳಿಗೆ ಇದರಲ್ಲಿ ಇನ್ನೊಂದು ಅನುಕೂಲ. ಊರಿನಿಂದ ಬಂದ ಅಜ್ಜಿ ತಾತಂದಿರಿಗೆ ಯೆಲ್ಲೊಸ್ಟೋನ್ ತೋರಿಸಬೇಕು; ಅವರೋ ಮಾಂಸದ ಪಾತ್ರೆ ಮುಟ್ಟಿದ ಸೌಟಿನ ಊಟ ಮಾಡುವವರಲ್ಲ. ನೂರಾರು ಮೈಲಿ ಹೋದರೂ ಸಿಗುವುದು ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ. ಗಾಲಿಮನೆಯಲ್ಲಾದರೆ ಕುಕ್ಕರು ಕೂಗುತ್ತದೆ; ಹುಳಿಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ ಬೀರುವಿನಲ್ಲಿರುತ್ತವೆ. ಕಮಾನು ಗಾಡಿಯಲ್ಲಿ ಅಕ್ಕಿಬೇಳೆ ಕಟ್ಟಿಕೊಂಡು ಹೊಳೆಯ ದಂಡೆಯಲ್ಲಿ ಒಲೆ ಹೂಡಿ ಜಾತ್ರೆಗೆ ಹೋಗಿಬಂದ ನೆನಪು ಹಿರಿಯರಿಗೆ ಮರಳಿ ಬಂದರೆ ಅಚ್ಚರಿಯಿಲ್ಲ. ಒಗ್ಗರಣೆಯ ಹೊಗೆಗೆ ಚಾವಣಿಯ ಅಪಾಯಗಂಟೆ ಕಿರುಚಿಕೊಳ್ಳುವುದೊಂದು ತೊಂದರೆ. ಕರಡಿಗಳ ಸೀಮೆಯಲ್ಲಿ ಅನ್ನದ ಅಗುಳೂ ಹೊರಗೆ ಉಳಿಯಬಾರದೆಂಬುದು ಮತ್ತೊಂದು. ಉಪವನದ ಕಾವಲಿನವರು ಈ ವಿಷಯದಲ್ಲಿ ಯಾರ ದಾಕ್ಷಿಣ್ಯವನ್ನೂ ನೋಡರು.

ತೊಳೆಯುವವರು ಯಾರು?

ಇಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಮನೆ ಜೊತೆಗೆ ಬಂದಾಗ ಮನೆಗೆಲಸವೂ ಬರುತ್ತದೆ. ಬಾಡಿಗೆ, ಪೆಟ್ರೋಲುಗಳ ಚರ್ಚೆಯಲ್ಲಿ ಗೃಹಿಣಿಯ ರಜೆಯ ಲೆಕ್ಕ ಹಾಕುವವರು ಕಡಿಮೆ. 1954ರಲ್ಲಿ ಲೂಸಿಲ್ ಬಾಲ್, ಡೆಸಿ ಅರ್ನಾಜ್ ದಂಪತಿಗಳು ನಟಿಸಿದ ‘ದಿ ಲಾಂಗ್, ಲಾಂಗ್ ಟ್ರೈಲರ್’ ಎಂಬ ಚಿತ್ರದಲ್ಲಿ, ಗಂಡ ಕಾರು ಓಡಿಸುತ್ತಿರುವಾಗ ಹಿಂದಿನ ಟ್ರೈಲರಿನಲ್ಲಿ ಹೆಂಡತಿ ಅಡುಗೆ ಮಾಡಲು ಹೋಗಿ, ಪಾತ್ರೆಪಡಗಗಳೊಡನೆ ತಾನೂ ಉರುಳಾಡುತ್ತಾಳೆ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಓಡುವ ಬಂಡಿಯಲ್ಲಿ ಅಡುಗೆ ಮಾಡಬಾರದು. ಎಲ್ಲರೂ ಬೆಲ್ಟು ಬಿಗಿದು ಕುಳಿತಿರಬೇಕು. ಎಂದರೆ ಅಡುಗೆ ಆರಂಭವಾಗುವುದು, ದಿನದ ಪ್ರಯಾಣದ ದಣಿವೆಲ್ಲ ಮೈಮೇಲಿರುವಾಗ.

ಇದಕ್ಕೆ ಪ್ರತಿಯಾಗಿ ಗಂಡಸಿನ ಪಾಲಿಗೆ ಬೀಳುವ ಕೆಲಸವೂ ಒಂದಿದೆ. ಗಾಲಿಮನೆಯ ಹೊಟ್ಟೆಯಲ್ಲಿ ಮೂರು ತೊಟ್ಟಿಗಳು: ಶುದ್ಧ ನೀರಿನದು, ಪಾತ್ರೆ ಮತ್ತು ಸ್ನಾನದ ‘ಬೂದು’ ನೀರಿನದು, ಪಾಯಿಖಾನೆಯ ‘ಕಪ್ಪು’ ನೀರಿನದು. ಇವು ತುಂಬಿದಾಗ ಗೊತ್ತಾದ ಮೋರಿಯ ಬಳಿ ನಿಂತು, ರಬ್ಬರು ಕೈಚೀಲ ತೊಟ್ಟು, ಕೊಳವೆ ಜೋಡಿಸಿ ಬರಿದುಮಾಡಬೇಕು. ಮೊದಲು ಕಪ್ಪು, ಆಮೇಲೆ ಬೂದು. ಬೂದು ನೀರು ಕೊಳವೆಯನ್ನು ತೊಳೆದುಕೊಂಡು ಹೋಗಲೆಂದು. ಈ ಕ್ರಮವನ್ನು ಒಮ್ಮೆ ತಪ್ಪಿದವನು ಮತ್ತೆ ಎಂದೂ ತಪ್ಪುವುದಿಲ್ಲ. ಭಾನುವಾರ ಬೆಳಿಗ್ಗೆ ಮೋರಿಯ ಮುಂದೆ ಹತ್ತಾರು ಗಾಲಿಮನೆಗಳು ಸರದಿಯಲ್ಲಿ ನಿಂತಿರುವಾಗ, ಹೊಸಬನ ಕೈಯ ನಡುಕವನ್ನು ಹಿಂದಿನವರೆಲ್ಲ ಮೌನವಾಗಿ ನೋಡುತ್ತಿರುತ್ತಾರೆ.

2020ರಲ್ಲಿ ಕೋವಿಡ್ ಹಬ್ಬಿ, ಅಪರಿಚಿತರು ಮಲಗಿದ ಹಾಸಿಗೆಯೆಂದರೆ ಜನ ಹೆದರಿದಾಗ, ಈ ಕಷ್ಟಗಳನ್ನೆಲ್ಲ ಅರಿಯದವರೂ ಗಾಲಿಮನೆಗೆ ಮುಗಿಬಿದ್ದರು. 2021ರಲ್ಲಿ ಕಾರ್ಖಾನೆಗಳಿಂದ 6 ಲಕ್ಷಕ್ಕೂ ಹೆಚ್ಚು ಹೊರಬಂದವು. ಇವುಗಳ ತಯಾರಿಕೆಗೆ ಹೆಸರಾದ ಇಂಡಿಯಾನದ ಎಲ್ಕ್‌ಹಾರ್ಟ್ ಪಟ್ಟಣಕ್ಕೆ ಕೆಲಸಗಾರರು ಸಾಲದೆ ಹೋದರು. 2023ರಲ್ಲಿ ಆ ಸಂಖ್ಯೆ 3 ಲಕ್ಷದ 13 ಸಾವಿರಕ್ಕಿಳಿಯಿತು. 1973ರ ತೈಲದ ಬಿಕ್ಕಟ್ಟಿನಲ್ಲೂ ಹೀಗೆಯೇ ಕುಸಿದಿತ್ತು. ಇನ್ನು, ರಜೆಯಲ್ಲದೆಯೇ ಗಾಲಿಮನೆಯಲ್ಲಿರುವವರೂ ಉಂಟು. 2008ರ ಆರ್ಥಿಕ ಕುಸಿತದ ಅನಂತರ ಮನೆ ಕಳೆದುಕೊಂಡು ವ್ಯಾನಿನಲ್ಲೇ ವೃದ್ಧಾಪ್ಯ ಕಳೆಯುವವರನ್ನು ಕುರಿತು ಜೆಸ್ಸಿಕ ಬ್ರೂಡರ್ 2017ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಎಂಬ ಪುಸ್ತಕ ಬರೆದರು. ಅದರ ಚಲನಚಿತ್ರಕ್ಕೆ 2021ರಲ್ಲಿ ಆಸ್ಕರ್ ದೊರೆಯಿತು. ಬಿಡಾರದ ಬಯಲಿನಲ್ಲಿ ಅವರ ಬಂಡಿಯೂ ವಿಹಾರಿಯ ಬಂಡಿಯೂ ಅಕ್ಕಪಕ್ಕದಲ್ಲೇ ನಿಂತಿರುತ್ತವೆ. ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಸೋಮವಾರ ಒಂದು ಹೊರಡುತ್ತದೆ.

ಅನುಭವಸ್ಥ ಸಂಸಾರಗಳು ಹೋಟೆಲಿಗೂ ಬಿಡಾರಕ್ಕೂ ನಡುವೆ ಒಂದು ರಾಜಿ ಮಾಡಿಕೊಂಡಿವೆ. ನಾಲ್ಕೈದು ರಾತ್ರಿ ಗಾಲಿಮನೆಯಲ್ಲಿ ಕಳೆದ ಮೇಲೆ ಒಂದು ರಾತ್ರಿ ಮೋಟೆಲು. ಬಟ್ಟೆಗಳು ಒಗೆಯುವ ಯಂತ್ರಕ್ಕೆ, ಎಲ್ಲರಿಗೂ ಬೇಕಾದಷ್ಟು ಬಿಸಿನೀರು, ಊಟ ಹೊರಗೆ. ಅಂದು ಮನೆಯಾಕೆ ಒಂದು ಚಮಚವನ್ನೂ ತೊಳೆಯುವುದಿಲ್ಲವೆಂಬುದು ಒಪ್ಪಂದ. ಬಂಡಿ ಮಾತ್ರ ಮೋಟೆಲಿನ ಅಂಗಳದ ಕೊನೆಯಲ್ಲಿ, ಎರಡು ಕಾರುಗಳ ಜಾಗ ಹಿಡಿದು ನಿಂತಿರುತ್ತದೆ. ಮಲಗುವ ಹೊತ್ತಿಗೆ ಮಕ್ಕಳು, ನಮಗೆ ಆ ಹಾಸಿಗೆ ಬೇಡ, ಬಂಡಿಯ ಬೀಗದ ಕೈ ಕೊಡಿ ಎಂದು ತಂದೆಯ ಹಿಂದೆ ಬೀಳುವುದುಂಟು.